ಆದೆಮ್ಮ ಹಾಕಿದ ದಸ್ಕತ್ತು

ಕೇರಿಯ ಹನ್ನೊಂದು ಮಂದಿಗೆ ಸರಕಾರ ದಸ್ಕತ್ತು ಹಾಕುವುದನ್ನು ಕಲಿಸಿತು. ಅವರವರ ಹೆಸರು ಅವರವರಿಗೆ. ಅದರಾಚೆಗೆ ಒಂದಕ್ಷರ ಕಲಿಸಲಿಲ್ಲ.

ನಿಜಾಮರ ರಾಜ್ಯ ಹೋಗಿ ಐದಾರು ವರ್ಷವಾದ ಮೇಲಿನ ಮಾತು ಇದು. ಸಿಂಧನೂರಿಗೆ ಎರಡು ಹರದಾರಿ ದೂರದ ಊರು. ಊರ ಹೊರಗೆ ಮಾದಿಗರ ಕೇರಿ. ಕೇರಿಯ ಹಿಂದೆ ಅವರ ಮಸಣ. ಮಸಣಕ್ಕೆ ಗೋಡೆಯಿಲ್ಲ, ಬೇಲಿಯಿಲ್ಲ. ಹುಗಿದ ಜಾಗಕ್ಕೊಂದು ಗುಂಡುಕಲ್ಲು, ಅಷ್ಟೇ. ಯಾವ ಕಲ್ಲಿನ ಕೆಳಗೆ ಯಾರು ಮಲಗಿದ್ದಾರೆ ಎಂಬುದು ಕೇರಿಯವರಿಗೆ ಗೊತ್ತಿತ್ತು. ಬೇರೆಯವರು ಯಾರೂ ಕೇಳಿರಲಿಲ್ಲ.

ಯಮನಮ್ಮನ ಮಗಳು ಆದೆಮ್ಮ ಅಂಥ ಒಂದು ಕಲ್ಲಿನ ಕೆಳಗೆ ಇದ್ದಳು. ಹತ್ತೊಂಬತ್ತು ವರ್ಷದ ಹೆಣ್ಣು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು, ಕೈಯಲ್ಲಿ ಎರಡು ಹಸಿರು ಬಳೆ. ಎರಡು ದಿನ ನೋವು ತಿಂದಳು. ಮೂರನೆಯ ದಿನ ಸೂಲಗಿತ್ತಿ ಕೈ ತೊಳೆದುಕೊಂಡು ಎದ್ದಳು. ದವಾಖಾನೆಗೆ ಒಯ್ಯಿರಿ ಅಂದಳು. ಯಮನಮ್ಮ ಓಡಿಹೋಗಿ ಬಸವಂತರಾಯ ಧಣಿಯ ವಾಡೆಯ ಮುಂದೆ ನಿಂತು ಬಂಡಿ ಕೇಳಿದಳು. ಆ ವಾಡೆಯ ಹೊಲದಲ್ಲಿ ಅವಳು ಮೂವತ್ತು ವರ್ಷ ಕಳೆ ತೆಗೆದಿದ್ದಳು.

"ನಾಳಿಗಿ ಆ ಬಂಡ್ಯಾಗ ನಮ್ಮನಿ ಹೆಣಮಕ್ಕಳು ದೇವರಿಗಿ ಹೋಗೋರದಾರ," ಅಂದ ಧಣಿ. "ನಿಮ್ಮ ಮೈಲಿಗಿ ಆದಮ್ಯಾಲ ಅದನ್ನ ಸುಟ್ಟ ಹಾಕ್ಲೇನ? ಹೊತ್ಕೊಂಡು ಹೋಗ್ರಿ. ನಿಮಗ ರೂಢಿ ಐತಲ್ಲ."

ಕಂಬಳಿಯ ನಾಲ್ಕು ತುದಿ ಹಿಡಿದು ಹೊತ್ತರು. ಒಂದು ತುದಿ ಯಮನಮ್ಮನ ಕೈಯಲ್ಲಿತ್ತು. ಹಳ್ಳ ದಾಟುವಾಗ ಕಂಬಳಿಯಲ್ಲೇ ಕೂಸು ಹುಟ್ಟಿತು. ಒಂದು ಸಲ ಅತ್ತಿತು. ಮತ್ತೆ ಅಳಲಿಲ್ಲ. ತಾಯಿ ಕೂಸಿನ ಮುಖ ನೋಡಲು ಕತ್ತು ಎತ್ತಿದಳು. ಎತ್ತಿದ ಕತ್ತು ಹಾಗೆಯೇ ವಾಲಿತು. ಅದೇ ಕಂಬಳಿಯಲ್ಲಿ ತಿರುಗಿ ತಂದರು. ಕೂಸನ್ನು ತಾಯಿಯ ಎದೆಯ ಮೇಲಿಟ್ಟು ಒಂದೇ ಕುಣಿಯಲ್ಲಿ ಮಣ್ಣು ಮಾಡಿದರು. ಯಮನಮ್ಮ ಮೂರು ಹಿಡಿ ಮಣ್ಣು ಹಾಕಿದಳು. ಶಿವನ ಪಾದ ಸೇರು ಅಂದಳು.

ಪಕ್ಕದ ಕುಣಿ ಯಮನಮ್ಮನ ಅತ್ತೆಯದು. ಅವಳ ಹೆಸರೂ ಆದೆಮ್ಮ. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಟ್ಟಿದ್ದರು. ಆ ಕೇರಿಯ ರೀತಿಯೇ ಹಾಗೆ. ಸತ್ತವರ ಹೆಸರು ಮಣ್ಣಾಗಬಾರದು. ಗ್ಯಾನಪ್ಪನ ಅಜ್ಜ ಗ್ಯಾನಪ್ಪ. ಗದ್ದೆಪ್ಪನ ಅಜ್ಜ ಗದ್ದೆಪ್ಪ. ಪಾರ್ವತೆಮ್ಮನಿಗೆ ಅವಳ ಅಪ್ಪನ ತಾಯಿಯ ಹೆಸರು. ಹುಟ್ಟಿ ಒಂದು ಸಲ ಅತ್ತ ಆ ಕೂಸಿಗೆ ಮಾತ್ರ ಯಾರ ಹೆಸರೂ ಇಡಲು ಆಗಲಿಲ್ಲ. ಅಷ್ಟು ಹೊತ್ತನ್ನು ಶಿವ ಕೊಡಲಿಲ್ಲ.

ಆ ವರ್ಷ ಹೊಳೆಯ ನೀರಿನ ಕಾಲುವೆಯ ಕೆಲಸ ಊರ ಸೀಮೆಗೆ ಬಂತು. ಕೇರಿಯ ಗಂಡಸರು ಗುದ್ದಲಿ ಹಿಡಿದರು. ಹೆಂಗಸರು ಮಣ್ಣು ಹೊತ್ತರು. ಎರೆಮಣ್ಣು ಒಣಗಿದರೆ ಕಲ್ಲು, ನೆನೆದರೆ ಅಂಟು. ಬುಟ್ಟಿ ತುಂಬಿ ತಲೆಗೆ ಏರಿಸಿದರೆ ಕತ್ತಿನ ನರ ಹೊರಗೆ ಬರುತ್ತಿತ್ತು. ಮೂವತ್ತು ಮೆಟ್ಟಿಲಿನಷ್ಟು ದಂಡೆ ಹತ್ತಬೇಕು, ಸುರುವಬೇಕು, ಇಳಿಯಬೇಕು. ಸಂಜೆಯ ಹೊತ್ತಿಗೆ ನೆತ್ತಿಯ ಕೂದಲು ಸಿಂಬಿಗೆ ಅಂಟಿ ಕಿತ್ತು ಬರುತ್ತಿತ್ತು.

ಸಾಲಿನಲ್ಲಿ ಹೋಗುವಾಗ ಯಮನಮ್ಮನಿಗೆ ಹಿಂದೆ ಬಳೆಯ ಸದ್ದು ಕೇಳಿಸುತ್ತಿತ್ತು. ಎರಡು ಹಸಿರು ಬಳೆ, ಒಂದಕ್ಕೊಂದು ತಾಗುವ ಸದ್ದು. ಅವಳ ಹಿಂದಿನವಳು ಪಾರ್ವತೆಮ್ಮ. ಪಾರ್ವತೆಮ್ಮ ಗಂಡ ಸತ್ತು ತವರಿಗೆ ಬಂದವಳು, ಅವಳ ಕೈ ಬರಿದು. ಆದರೂ ಸದ್ದು ಬರುತ್ತಿತ್ತು. ಯಮನಮ್ಮ ಒಂದು ದಿನವೂ ತಿರುಗಿ ನೋಡಲಿಲ್ಲ. ತಿರುಗಿದರೆ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಆಗಲೇ ದೊಡ್ಡವರಿಗೆ ಓದು ಕಲಿಸುವ ಹುಕುಂ ಬಂತು. ತಾಲೂಕಿನಲ್ಲಿ ಇಷ್ಟು ಮಂದಿಗೆ ಅಕ್ಷರ ಬರಬೇಕು ಎಂದು ಮೇಲಿನವರ ಮಾತು. ಊರ ಕಮಿಟಿಗೆ ಬಸವಂತರಾಯನೇ ಹಿರಿಯ. ಜಂಬಣ್ಣ ಮಾಸ್ತರನನ್ನು ಕೇರಿಗೆ ಕಳಿಸಿದರು. ಇಪ್ಪತ್ತು ಪಾಟಿ, ಎರಡು ಕಂದೀಲು, ಒಂದು ಡಬ್ಬಿ ಬಳಪ ಬಂದವು ಎಂದು ಹೇಳಿದರು. ಪಾಟಿಗಳು ವಾಡೆಯ ಮಕ್ಕಳ ಕೈಯಲ್ಲಿ ಕಂಡವು. ಕಂದೀಲು ವಾಡೆಯ ಪಡಸಾಲೆಯಲ್ಲಿ ಉರಿದವು. ಕೇರಿಗೆ ಮಾಸ್ತರ ಒಬ್ಬನೇ ಬಂದ.

ಅವನೂ ಕೇರಿಯ ಒಳಗೆ ಬರಲಿಲ್ಲ. ಬೇವಿನ ಮರದ ಆಚೆ ನಿಂತ. ಕೈಯಲ್ಲಿ ಒಂದು ಆಳುದ್ದ ಬಿದಿರಿನ ಕೋಲು. ಕಾಲುವೆ ಕೆಲಸ ಬಿಟ್ಟ ಮೇಲೆ, ಹೊತ್ತು ಮುಳುಗುವ ಮೊದಲು, ಮಂದಿ ನೆಲದ ಮೇಲೆ ಸಾಲಾಗಿ ಕೂಡಬೇಕು. ಮಾಸ್ತರ ದೂರದಿಂದ ಕೋಲು ಚಾಚಿ ಒಬ್ಬೊಬ್ಬರ ಮುಂದೆ ಮಣ್ಣಿನಲ್ಲಿ ಅವರವರ ಹೆಸರು ಗೀರುವನು. ಅವರು ಆ ಗೀರಿನಲ್ಲಿ ಬೆರಳು ಓಡಿಸಿ ತಿದ್ದಬೇಕು. ತಪ್ಪಿದರೆ ಕೋಲು ಬಂದು ಬೆರಳಿನ ಮೇಲೆ ಬೀಳುವುದು. ಮುಟ್ಟಿದರೆ ಮೈಲಿಗೆ. ಹೊಡೆದರೆ ಇಲ್ಲ.

"ಮಾಸ್ತರ್ರೀ, ನಮ್ಮ ಹೆಸರಷ್ಟ ಕಲಸಾಕತ್ತೀರಿ. ಉಳದಿದ್ದು ಯಾವಾಗರೀ?" ಎಂದು ಗ್ಯಾನಪ್ಪ ಕೇಳಿದ. ಅವನು ಕೇರಿಯಲ್ಲಿ ಬಾಯಿದ್ದವನು.

"ನೀ ಏನು ತಹಸೀಲ್ದಾರ ಆಗಬೇಕಂತ ಮಾಡೀಯೇನಲೇ ಗ್ಯಾನ್ಯಾ? ಹೆಸರು ಬಂದ್ರ ದಸ್ಕತ್ತು ಬಂತು. ದಸ್ಕತ್ತು ಬಂದ್ರ ನೀ ಓದು ಬಲ್ಲವ. ಲೆಕ್ಕಾ ಅಷ್ಟ."

ಮೊದಲ ದಿನ ಮಾಸ್ತರ ಹೆಸರು ಕೇಳುತ್ತ ಬಂದ. ಯಮನಮ್ಮನ ಮುಂದೆ ಕೋಲು ನಿಂತಿತು.

"ನಿನ್ನ ಹೆಸರೇನು?"

"ಆದೆಮ್ಮ."

ಪಾರ್ವತೆಮ್ಮ ತಲೆ ತಗ್ಗಿಸಿದಳು. ಯಾರೂ ಅಲ್ಲ ಅನ್ನಲಿಲ್ಲ. ಕೇರಿಯ ಹೆಂಗಸರ ಹೆಸರು ಮಾಸ್ತರನಿಗೆ ಏನು ಗೊತ್ತು? ಮಣ್ಣಿನಲ್ಲಿ ಗೀರಿದ. ಹಾಜರಿಯಲ್ಲಿಯೂ ಹಾಗೆಯೇ ಬರೆದುಕೊಂಡ.

ಯಮನಮ್ಮ ಸುಳ್ಳು ಹೇಳಬೇಕೆಂದು ಹೇಳಿರಲಿಲ್ಲ. ಅವಳಿಗೆ ತನ್ನ ಹೆಸರಿನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಹಿಂದೆ ಒಮ್ಮೆ ಮಸ್ಕಿಗೆ ಸೌದೆ ಹೊರೆ ಹೊತ್ತು ಹೋದಾಗ, ಅಲ್ಲಿನ ಗುಡ್ಡದ ಬಂಡೆಯ ಮೇಲೆ ಯಾರೋ ಅರಸ ಬರೆಸಿದ ಅಕ್ಷರ ಇವೆ ಎಂದು ಕೇಳಿದ್ದಳು. ಬರೆಸಿದವನು ಸತ್ತು ಎಷ್ಟೋ ಕಾಲವಾಯಿತು, ಅಕ್ಷರ ಇನ್ನೂ ಇವೆ ಎಂದಿದ್ದರು. ಮಗಳ ಕಲ್ಲು ಅವಳ ನೆನಪಿಗೆ ಬಂತು. ತಾನು ಸತ್ತರೆ ಆ ಕಲ್ಲಿನ ಕೆಳಗೆ ಯಾರಿದ್ದಾರೆಂದು ಹೇಳುವವರು ಯಾರು?

ತಿದ್ದಿದಳು. ದಿನವೂ ತಿದ್ದಿದಳು. ಬುಟ್ಟಿ ಹೊತ್ತು ಸೀಳಿದ ಬೆರಳು ಮಣ್ಣಿನಲ್ಲಿ ಓಡುವಾಗ ಉರಿಯುತ್ತಿತ್ತು. ಆ. ದೆ. ಮ್ಮ. ಮಗಳ ಬೈತಲೆ ತೆಗೆಯುವಾಗ ಬೆರಳು ಹೀಗೆಯೇ ಓಡುತ್ತಿತ್ತು. ಹಣೆಯಿಂದ ನೆತ್ತಿಗೆ, ನೆತ್ತಿಯಿಂದ ಹಿಂದಕ್ಕೆ. ಮಾಸ್ತರ "ಆದೆಮ್ಮ" ಎಂದು ಹಾಜರಿ ಕೂಗಿದಾಗ "ಅದೀನ್ರಿ" ಅನ್ನುವಳು. ಆ ಮಾತು ತನ್ನ ಬಾಯಿಂದ ಬಂತೋ, ಹಿಂದಿನಿಂದ ಬಂತೋ ಅವಳಿಗೆ ತಿಳಿಯುತ್ತಿರಲಿಲ್ಲ.

ಮೂರು ತಿಂಗಳಿಗೆ ಪರೀಕ್ಷೆ ಎಂದರು. ಬೇವಿನ ಮರದ ಕೆಳಗೆ ಮೇಜು ಬಂತು. ಬಸವಂತರಾಯ ಕುರ್ಚಿಯಲ್ಲಿ ಕೂತಿದ್ದ. ಮಾಸ್ತರ ಒಂದು ಕಾಗದ ಹರವಿ ನಾಲ್ಕು ಮೂಲೆಗೆ ನಾಲ್ಕು ಹರಳು ಇಟ್ಟು ದೂರ ಸರಿದ. ಕಾಗದದ ಮೇಲೆ ಉರ್ದು ಬರಹ. ಬಲದಿಂದ ಎಡಕ್ಕೆ ಹರಿದಿತ್ತು. ಕೆಳಗೆ ಖಾಲಿ ಜಾಗ.

"ಇದರಾಗ ಏನ ಬರದೈತ್ರಿ ಮಾಸ್ತರ್ರೀ?" ಗ್ಯಾನಪ್ಪ ಕೇಳಿದ.

ಮಾಸ್ತರ ಧಣಿಯ ಕಡೆ ನೋಡಿದ. ಆಮೇಲೆ ನೆಲ ನೋಡಿದ.

"ಪರೀಕ್ಷಾದ ಕಾಗದಲೇ," ಅಂದ ಧಣಿ. "ನೀವು ಶ್ಯಾಣ್ಯಾ ಆಗೀರಿ ಅಂತ ಬರದೈತಿ. ಹಾಕ್ರಿ ದಸ್ಕತ್ತು. ಬೆಲ್ಲ ತರಸೀನಿ."

ಹನ್ನೊಂದು ಮಂದಿ ಒಬ್ಬೊಬ್ಬರೇ ಬಂದರು. ಲೇಖಣಿಕೆಯನ್ನು ಮುಷ್ಟಿಯಲ್ಲಿ ಹಿಡಿದರು. ಹುಟ್ಟಿದಂದಿನಿಂದ ಕಾಗದ ಮುಟ್ಟಿದವರಲ್ಲ. ಗದ್ದೆಪ್ಪ ತನ್ನ ಹೆಸರು ಬರೆದು ಅದನ್ನೇ ನೋಡುತ್ತ ನಿಂತುಬಿಟ್ಟ, ಹಿಂದಿನವರು ದೂಡಬೇಕಾಯಿತು. ಯಮನಮ್ಮ ಮೂರು ಅಕ್ಷರ ಬರೆದಳು. ತಪ್ಪಿಲ್ಲದೆ ಬರೆದಳು. ಒಬ್ಬೊಬ್ಬರ ಸೆರಗಿಗೆ, ಅಂಗೈಗೆ ಬೆಲ್ಲದ ಚೂರು ಮೇಲಿನಿಂದ ಬಿತ್ತು. ಯಮನಮ್ಮ ತನ್ನ ಚೂರನ್ನು ಒಯ್ದು ಮಗಳ ಕಲ್ಲಿನ ಮೇಲಿಟ್ಟಳು. "ನಿನ್ನ ಹೆಸರು ಕಾಗದದಾಗ ಬಿತ್ತವ್ವಾ," ಅಂದಳು. ಇರುವೆ ಬಂದವು.

ಇಪ್ಪತ್ತು ದಿನಕ್ಕೆ ಸುಣ್ಣದ ಗೆರೆ ತಿರುಗಿತು.

ಕಾಲುವೆ ಎಲ್ಲಿ ಹೋಗಬೇಕೆಂದು ಓವರ್ಸಿಯರ್ ಮೊದಲೇ ನೆಲದ ಮೇಲೆ ಸುಣ್ಣ ಹಾಕಿಸುತ್ತಿದ್ದ. ಮೊದಲು ಹಾಕಿದ ಗೆರೆ ನೇರವಾಗಿ ಬಸವಂತರಾಯನ ಎರೆಹೊಲದ ನಡುವೆ ಹೋಗಿತ್ತು. ಹೊಸ ಗೆರೆ ಹೊಲದ ಬದುವಿಗೆ ಬಂದು ಮುರಿಯಿತು, ಕೇರಿಯ ಹಿಂಭಾಗ ಸುತ್ತಿತು, ಮಸಣದೊಳಗೆ ಹೊಕ್ಕಿತು. ಯಮನಮ್ಮನ ಅತ್ತೆಯ ಕಲ್ಲಿನಿಂದ ಮಗಳ ಕಲ್ಲಿಗೆ ಹೋಗಿ, ಇಬ್ಬರ ಮೇಲೂ ಹಾದು ಆಚೆ ದಾಟಿತು.

ಮುಂಜಾನೆ ಕೆಲಸಕ್ಕೆ ಬಂದವರು ಗೆರೆ ನೋಡಿ ನಿಂತರು. ಯಾರೂ ಗುದ್ದಲಿ ಎತ್ತಲಿಲ್ಲ.

"ಸಾಹೇಬ್ರ, ಇದು ನಮ್ಮ ಸುಡುಗಾಡ್ರಿ," ಅಂದ ಗ್ಯಾನಪ್ಪ.

ಓವರ್ಸಿಯರ್ ಬೇರೆ ಸೀಮೆಯವನು. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. "ಏನಯ್ಯಾ, ನನ್ನ ಜೊತೆ ಆಟ ಆಡ್ತೀರಾ? ಇಲ್ಲಿ ಗೋರಿ ಇಲ್ಲ, ಬಂಜರು ಜಮೀನು ಅಂತ ನೀವೇ ಬರೆದು ಕೊಟ್ಟಿದ್ದೀರಿ. ಹನ್ನೊಂದು ದಸ್ಕತ್ತು." ಚೀಲದಿಂದ ಕಾಗದ ತೆಗೆದು ಹಿಡಿದ.

ಗ್ಯಾನಪ್ಪ ನೋಡಿದ. ಗುರುತು ಸಿಕ್ಕಿತು. ತನ್ನ ಹೆಸರೇ ಗುರುತು.

"ಅದು ಪರೀಕ್ಷಾರೀ," ಅಂದ.

ಗುದ್ದಲಿಗಳಿಗೆ ಕಾವು ಕೂಡಿಸುವ ಬುಡ್ಡೇಸಾಬ್ ಅಲ್ಲಿದ್ದ. ಮುದುಕ. ಮಸೀದಿಯಲ್ಲಿ ಉರ್ದು ಕಲಿತವನು. ಗ್ಯಾನಪ್ಪ ಅವನ ಕಡೆ ನೋಡಿದ. "ಚಾಚಾ, ನೀ ಓದು."

ಓವರ್ಸಿಯರ್ ಬೇಡ ಅನ್ನಲಿಲ್ಲ. ಬುಡ್ಡೇಸಾಬ್ ಓದಿದ, ಒಂದೊಂದೇ ಸಾಲು ಕನ್ನಡಕ್ಕೆ ತಿರುಗಿಸಿದ. ಕೇರಿಯ ಹಿಂದಿನ ಜಮೀನು ಬಂಜರು. ಅಲ್ಲಿ ಯಾರ ಹೆಣವನ್ನೂ ಎಂದೂ ಹುಗಿದಿಲ್ಲ. ಕಾಲುವೆ ಅಲ್ಲಿ ಹೋಗಲು ನಮ್ಮ ತಕರಾರಿಲ್ಲ. ಇದನ್ನು ನಾವು ಓದಿ ತಿಳಿದು ದಸ್ಕತ್ತು ಹಾಕಿದ್ದೇವೆ.

ಓದಿ ಮುಗಿಸಿ ಮುದುಕ ಕಾಗದ ತಿರುಗಿ ಕೊಟ್ಟ. ಕೈ ಅಂಗಿಗೆ ಒರೆಸಿಕೊಂಡ.

"ನಿಜಾಮನ ಕಾಲದಾಗ ನಿಮ್ಮ ಹೆಬ್ಬೆಟ್ಟು ಒತ್ತಸ್ತಿದ್ರು," ಅಂದ. "ಒತ್ತಸಾಕಿಂತ ಮೊದಲ ಮುನ್ಶಿ ಎಲ್ಲಾರ ಮುಂದ ಓದಿ ಹೇಳಬೇಕಿತ್ತು. ಓದಿ ಹೇಳೀನಿ ಅಂತ ಕೆಳಗ ಬರೀಬೇಕಿತ್ತು. ಈಗ ನೀವು ಕಲತವರು. ನಿಮಗ ಯಾರು ಓದಿ ಹೇಳ್ತಾರ?"

ಬದುವಿನ ಮೇಲೆ ಛತ್ರಿ ಹಿಡಿದು ಬಸವಂತರಾಯ ನಿಂತಿದ್ದ. ಅವನ ಹಿಂದೆ ಜಂಬಣ್ಣ ಮಾಸ್ತರ. ಇಂದು ಅವನ ಕೈಯಲ್ಲಿ ಕೋಲಿರಲಿಲ್ಲ.

"ನೋಡಾಕತ್ತೀರೇನು? ಹಚ್ಚರಿ ಕೆಲಸ," ಅಂದ ಧಣಿ. "ಏ ಯಮನಿ, ಬುಟ್ಟಿ ಎತ್ತು. ನೀ ಎತ್ತಿದ್ರ ಉಳದವ್ರೂ ಎತ್ತತಾರ."

ಯಮನಮ್ಮ ತಲೆಯ ಮೇಲಿನ ಸಿಂಬಿ ತೆಗೆದಳು. ಬುಟ್ಟಿಯನ್ನು ನೆಲಕ್ಕೆ ಇಟ್ಟಳು. ಧಣಿಯ ಕಡೆ ನೋಡಲಿಲ್ಲ. ಓವರ್ಸಿಯರನ ಮುಂದೆ ಹೋದಳು.

"ಸಾಹೇಬ್ರ, ಆ ಕಾಗದದಾಗ ಆದೆಮ್ಮ ಅಂತ ಐತೇನ್ರಿ?"

ಅವನು ಬೆರಳಿಟ್ಟು ಹುಡುಕಿದ. "ಇದೆ. ಕಡೆಯ ಹೆಸರು. ಯಾರು ಆದೆಮ್ಮ? ನೀನೇನಾ?"

"ನಾ ಯಮನಮ್ಮರಿ. ಆದೆಮ್ಮ ನನ್ನ ಮಗಳು."

"ಹಾಗಾದ್ರೆ ಅವಳನ್ನ ಕರಿ. ಅವಳು ಹೇಳಲಿ, ಓದದೆ ಹಾಕಿದೆ ಅಂತ."

"ಕರಿಯಾಕತ್ತು ವರ್ಷಾತ್ರಿ. ಬರವಲ್ಲಳು," ಅಂದಳು ಯಮನಮ್ಮ. "ನೀವರ ಒಮ್ಮೆ ಕರೀರಿ. ಸರಕಾರದವರು ಕರದ್ರ ಬರತಾಳೇನೋ. ನಿಮ್ಮ ಕಾಲ ಕೆಳಗ ಅದಾಳ."

ಓವರ್ಸಿಯರ್ ಕೆಳಗೆ ನೋಡಿದ. ಅವನ ಬೂಟಿನ ಪಕ್ಕದಲ್ಲಿ ಸುಣ್ಣ ಬಿದ್ದ ಗುಂಡುಕಲ್ಲು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಸರಿದ ಜಾಗದಲ್ಲಿ ಇನ್ನೊಂದು ಕಲ್ಲು ಕಾಲಿಗೆ ತಾಗಿತು. ಅಲ್ಲಿಂದಲೂ ಸರಿದ.

"ಸತ್ತವಳ ದಸ್ಕತ್ತು ನಡೆಯುವುದಿಲ್ಲ," ಅಂದ. "ಅದನ್ನ ಹೊಡೆದುಹಾಕ್ತೀನಿ. ನೀನು ನಿನ್ನ ಹೆಸರು ಬರಿ."

"ನನ್ನ ಹೆಸರು ನನಗ ಬರಂಗಿಲ್ರಿ."

"ಹೆಬ್ಬೆಟ್ಟು ಒತ್ತು ಹಾಗಾದ್ರೆ."

"ಚಾಚಾ ಓದಿ ಹೇಳಿದ. ಕೇಳೀನಿ. ಒತ್ತಂಗಿಲ್ಲ."

"ಯಮನೀ," ಅಂತ ಬದುವಿನಿಂದ ಧಣಿ ಕೂಗಿದ. "ಊರಾಗ ಬಾಳುವೆ ಮಾಡಬೇಕಾದ್ರ ಬುಟ್ಟಿ ಎತ್ತು."

ಆಗ ಅವಳು ಅವನ ಕಡೆ ತಿರುಗಿದಳು. ಮೂವತ್ತು ವರ್ಷದಲ್ಲಿ ಅವನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಎತ್ತಂಗಿಲ್ರಿ ಧಣಿ. ನೀವು ಬಂಡಿ ಕೊಡಲಿಲ್ಲ, ಆಕಿನ್ನ ಕಂಬಳ್ಯಾಗ ಹೊತ್ತೆ. ಬುಟ್ಟ್ಯಾಗ ಹೊರಂಗಿಲ್ಲ."

ಬಿಸಿಲು ಏರಿತ್ತು. ಗೆರೆ ಹಾಕುವ ಸುಣ್ಣದ ಬುಟ್ಟಿ ಅಲ್ಲೇ ಇತ್ತು. ಯಮನಮ್ಮ ಅದರಿಂದ ಒಂದು ಹಿಡಿ ತೆಗೆದಳು. ಮಗಳ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸೆರಗಿನಿಂದ ಕಲ್ಲನ್ನು ಒರೆಸಿದಳು. ಉಗುಳಿನಲ್ಲಿ ಬೆರಳು ಹಸಿಮಾಡಿ ಸುಣ್ಣದಲ್ಲಿ ಅದ್ದಿದಳು. ಬರೆದಳು. ಆ. ದೆ. ಮ್ಮ. ಎದ್ದು ಅತ್ತೆಯ ಕಲ್ಲಿಗೆ ಹೋದಳು. ಅಲ್ಲಿಯೂ ಅದೇ ಬರೆದಳು.

ಎಲ್ಲರೂ ನೋಡುತ್ತ ನಿಂತಿದ್ದರು. ಗದ್ದೆಪ್ಪ ಅವರಲ್ಲಿ ಮಂಕ ಎಂದು ಹೆಸರಾದವನು, ಬೈದರೂ ನಗುವವನು. ಅವನು ಗುದ್ದಲಿ ಚೆಲ್ಲಿ ಬಂದ.

"ಯತ್ತೀ, ನನಗೊಂದಿಷ್ಟು ಸುಣ್ಣ ಕೊಡು," ಅಂದ. "ನಮ್ಮಜ್ಜಂದು ನನಗ ಬರತೈತಿ."

ಅಜ್ಜನ ಕಲ್ಲಿನ ಮೇಲೆ ಅವನು ತನ್ನ ಹೆಸರು ಬರೆದ. ಅಜ್ಜನ ಹೆಸರೂ ಅದೇ. ಗ್ಯಾನಪ್ಪ ಬಂದ. ಅವನ ಅಜ್ಜನ ಕಲ್ಲು ಮುಳ್ಳಿನ ಗಿಡದ ಕೆಳಗಿತ್ತು, ಕೈಯಿಂದಲೇ ಗಿಡ ಕಿತ್ತ, ರಕ್ತ ಬಂತು, ಬರೆದ. ಪಾರ್ವತೆಮ್ಮ ಕಲ್ಲು ಸಿಗದೆ ಅತ್ತಿತ್ತ ಓಡಾಡಿದಳು. ಕಲ್ಲು ಮಣ್ಣಿನಲ್ಲಿ ಇಳಿದುಹೋಗಿತ್ತು. ನೆಲವನ್ನೇ ಕೈಯಿಂದ ಸಮಮಾಡಿ, ಕಲಿತ ಹಾಗೆಯೇ, ಮಣ್ಣಿನ ಮೇಲೆ ಬೆರಳಿನಿಂದ ಅಜ್ಜಿಯ ಹೆಸರು ಬರೆದು ಗೀರುಗಳಿಗೆ ಸುಣ್ಣ ತುಂಬಿದಳು. ಪಾಟಿ ಕೊಟ್ಟಿದ್ದರೆ ಅವರಿಗೆ ನೆಲದ ಮೇಲೆ ಬರೆಯಲು ಬರುತ್ತಿರಲಿಲ್ಲವೇನೋ. ಹನ್ನೊಂದು ಮಂದಿಯೂ ಬರೆದರು. ಬರೆಯಲು ಬಾರದವರು ತಮ್ಮ ಹಿರಿಯರ ಕಲ್ಲಿನ ಪಕ್ಕ ಹೋಗಿ ಕೂತರು.

ಗ್ಯಾನಪ್ಪ ಬದುವಿನ ಕಡೆ ಮುಖಮಾಡಿ ಕೂಗಿದ.

"ಮಾಸ್ತರ್ರೀ, ಬರ್ರಿ. ಅಕ್ಷರ ತಪ್ಪ್ಯಾವೇನು ನೋಡ್ರಿ. ಇವತ್ತು ಪರೀಕ್ಷಾ."

ಜಂಬಣ್ಣ ಮಾಸ್ತರ ಧಣಿಯ ಛತ್ರಿಯ ನೆರಳಿನಿಂದ ಹೊರಗೆ ಬಂದ. ಮಸಣದ ಅಂಚಿನವರೆಗೆ ಬಂದ. ಒಂದೊಂದೇ ಕಲ್ಲು ನೋಡಿದ. ಅವನ ಬಾಯಿ ಅಲುಗಿತು.

"ತಪ್ಪಿಲ್ಲ," ಅಂದ. ಬದುವಿಗೆ ತಿರುಗಿ ಹೋಗಲಿಲ್ಲ. ಊರಿನ ದಾರಿ ಹಿಡಿದ.

ಓವರ್ಸಿಯರ್ ಕಾಗದ ಹಿಡಿದು ಕಲ್ಲಿನಿಂದ ಕಲ್ಲಿಗೆ ನಡೆದ. ಕಾಗದ ನೋಡುವನು, ಕಲ್ಲು ನೋಡುವನು. ಇಲ್ಲಿ ಯಾರನ್ನೂ ಹುಗಿದಿಲ್ಲ ಎಂದು ಹೇಳಿದ ಹನ್ನೊಂದು ಹೆಸರೂ ನೆಲದ ಮೇಲೆ ಇದ್ದವು. ಅದೇ ಸೊಟ್ಟ ಗೀರು, ಅದೇ ಕೈ. ನಡುವೆ ಒಮ್ಮೆ ಅವನು "ಗದ್ದೆಪ್ಪ" ಎಂದು ಗಟ್ಟಿಯಾಗಿ ಓದಿದ. ಗದ್ದೆಪ್ಪ ಓಗೊಡಲಿಲ್ಲ. ಕಲ್ಲಿನ ಕಡೆ ಕೈ ಮಾಡಿದ. "ಗ್ಯಾನಪ್ಪ" ಎಂದ. ಗ್ಯಾನಪ್ಪನೂ ಕೈ ಮಾಡಿದ. ಅಷ್ಟು ಮಂದಿ ಇದ್ದ ಜಾಗದಲ್ಲಿ ಯಾರೂ ಹಾಜರಿ ಹೇಳಲಿಲ್ಲ. ಗಾಳಿ ಬೀಸಿ ಸುಣ್ಣದ ಪುಡಿ ಎದ್ದಿತು. ಅವನು ಮುಂದಿನ ಹೆಸರು ಓದಲಿಲ್ಲ. ಕಾಗದ ಮಡಿಚಿ ಚೀಲದಲ್ಲಿ ಇಟ್ಟುಕೊಂಡ. ತನ್ನ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಕಲ್ಲುಗಳ ನಡುವೆ ಹೆಜ್ಜೆ ನೋಡಿ ಇಡುತ್ತ ಹೊರಗೆ ನಡೆದ.

ಹನ್ನೆರಡು ದಿನಕ್ಕೆ ಗೆರೆ ಮೊದಲಿನ ಜಾಗಕ್ಕೆ ಹೋಯಿತು. ಧಣಿಯ ಎರೆಹೊಲದ ನಡುವೆಯೇ ಕಾಲುವೆ ತೋಡಿದರು. ತೋಡಿದವರು ಬೇರೆ ಕಡೆಯಿಂದ ತಂದ ಮಂದಿ. ಕೇರಿಯವರಿಗೆ ಆ ಕಾಲುವೆಯಲ್ಲಿ ಮತ್ತೆ ಕೆಲಸ ಸಿಗಲಿಲ್ಲ, ವಾಡೆಯ ಹೊಲದಲ್ಲೂ ಸಿಗಲಿಲ್ಲ. ಗುರುಗುಂಟಾದ ಕಡೆ ಕೂಲಿಗೆ ಹೋದರು. ಪಾಠ ನಿಂತಿತು. ತಾಲೂಕಿನ ಬುಕ್ಕಿನಲ್ಲಿ ಆ ವರ್ಷ ಓದು ಬಲ್ಲವರಾದ ಹನ್ನೊಂದು ಮಂದಿಯ ಹೆಸರು ಹಾಗೆಯೇ ಉಳಿಯಿತು. ಅದರಲ್ಲಿ ಆದೆಮ್ಮನೂ ಇದ್ದಾಳೆ.

ಅಂದು ಮಸಣದಿಂದ ಎಲ್ಲರೂ ಹೋದ ಮೇಲೆ ಯಮನಮ್ಮ ಒಬ್ಬಳೇ ಉಳಿದಳು. ಮಗಳ ಕಲ್ಲಿನ ಮೇಲೆ ಮೂರು ಅಕ್ಷರ ಒಣಗಿ ಬಿಳಿಯಾಗಿದ್ದವು. ಪಕ್ಕದಲ್ಲಿ ಜಾಗ ಉಳಿದಿತ್ತು. ಕೂಸಿಗೂ ಒಂದು ಬರೆಯಬೇಕೆಂದು ಬೆರಳು ಸುಣ್ಣಕ್ಕೆ ಇಟ್ಟಳು. ಬೆರಳು ಕಲ್ಲಿನ ತನಕ ಬಂದು ನಿಂತಿತು. ಏನು ಬರೆಯುವುದು? ಗಂಡೋ ಹೆಣ್ಣೋ ಎಂಬುದಷ್ಟೇ ಗೊತ್ತು. ಒಂದು ಸಲ ಅತ್ತಿದ್ದು ಗೊತ್ತು.

ಹಿಂದೆ ಬಳೆಯ ಸದ್ದು ಬಂತು. ತಿರುಗಲಿಲ್ಲ.

ಆಮೇಲೆ ಯಾರಿಗೂ ಕೊಡದೆ ಉಳಿಸಿಕೊಂಡಿದ್ದ ಹೆಬ್ಬೆಟ್ಟನ್ನು ಸುಣ್ಣದಲ್ಲಿ ಅದ್ದಿ, ಆದೆಮ್ಮನ ಹೆಸರಿನ ಪಕ್ಕದಲ್ಲಿ ಒತ್ತಿದಳು.